ಮೇನ್ ಬಂದ್ ಮಾಡ್ರಿ ಅನ್ನೋಕೆ ನಾಚಬೇಡಿ



ಏಪ್ರಿಲ್ 14 ಹತ್ತಿರ ಬಂತು. ನಮ್ಮ ಕಮಠಾಣದ ಕೇರಿಯಲ್ಲಿ ಹುಡುಗರು ಸೀರಿಯಲ್ ಲೈಟಿನ ಸರ ಬಿಚ್ಚಿ ಕೂತಿದ್ದಾರೆ. ಜಯಂತಿಯ ಭಾಷಣ ಆಮೇಲೆ ಆಗಲಿ, ಇವತ್ತು ಕರೆಂಟಿನ ಮಾತು.

ನಮ್ಮ ಅಕ್ಕನ ಮಗ ಸಣ್ಣಪುಟ್ಟ ವೈರಿಂಗ್ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಮನೆಯಲ್ಲಿ ಬಲ್ಬಿನ ಹೋಲ್ಡರ್ ಬದಲಿಸಲು ಕರೆದಿದ್ದರು. ‘ಮೇನ್ ಬಂದ್ ಮಾಡಬ್ಯಾಡ, ಟಿವಿ ನಡದದ. ಬಟನ್ ಬಂದ್ ಮಾಡಿದ್ರ ಸಾಕು’ ಅಂದರಂತೆ ಮನೆಯವರು. ಇವನು ಬಟನ್ ಬಂದ್ ಮಾಡಿ ಸ್ಟೂಲ್ ಹತ್ತಿದ. ವೈರಿಗೆ ಕೈ ಹಚ್ಚಿದ್ದೇ ತಡ, ಕೆಳಗೆ ಬಿದ್ದ. ಅಂಗೈ ಸುಟ್ಟಿತು, ಜೀವ ಉಳಿಯಿತು.

‘ಮೇನ್ ಬಂದ್ ಮಾಡ್ತೀನಿ ಅಂತ ಯಾಕ ಅನ್ಲಿಲ್ಲೋ?’ ಅಂತ ಕೇಳಿದೆ.

‘ಹ್ಯಾಂಗ ಅನ್ಲಿ ಮಾಮಾ? ಹಿಂದಿನ ಬಾಗಿಲಿಂದ ಕರ್ಕೊಂಡಿದ್ರು. ಮೇನ್ ಬೋರ್ಡ್ ದೇವರ ಖೋಲಿ ಬಾಜೂಕ ಇತ್ತು.’

ನನಗೆ ಮಾತೇ ಬರಲಿಲ್ಲ. ಅವನ ಕೈಗೂ ಆ ಮೇನ್ ಸ್ವಿಚ್ಚಿಗೂ ನಡುವೆ ಇದ್ದದ್ದು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ಇಡಲು ಅವನಿಗೆ ಧೈರ್ಯ ಬರಲಿಲ್ಲ. ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಅದಕ್ಕೂ ಮುಂಚೆ ನಮ್ಮ ಮನೆಯಲ್ಲೇ ಅವನು ಫ್ಯಾನ್ ರಿಪೇರಿ ಮಾಡುವಾಗ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ‘ಮೇನ್ ಬ್ಯಾಡೋ’ ಅಂತ ನಾನೇ ಅಂದಿದ್ದೆ.

ಬಟನ್ ಬಂದ್ ಇದ್ದರೂ ಹೊಡೆತ ಬಿದ್ದದ್ದು ಹೇಗೆ? ಬಟನ್ ಒಂದೇ ವೈರನ್ನು ಕಡಿಯುತ್ತದೆ. ಅದು ಫೇಸ್ ವೈರ್ ಆಗಿರಬೇಕು. ವೈರಿಂಗ್ ಮಾಡಿದವರು ನ್ಯೂಟ್ರಲ್ ವೈರಿಗೆ ಬಟನ್ ಕೂಡಿಸಿದ್ದರೆ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ‘ಎಂಸಿಬಿ ಅದಲ್ಲ’ ಅಂತ ಧೈರ್ಯ ಮಾಡಬೇಡಿ. 6 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 6,000 ಮಿಲಿಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಕೆಲವೇ ಹತ್ತು ಮಿಲಿಆಂಪಿಯರ್ ಸಾಕು. ಎಂಸಿಬಿ ಕಾಯುವುದು ವೈರನ್ನು. ಜೀವ ಕಾಯಲು ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಮ್ಮ ಕೇರಿಯ ಎಷ್ಟು ಮನೆಯಲ್ಲಿ ಅದು ಇದೆ, ನೀವೇ ನೋಡಿಕೊಳ್ಳಿ.

ಅದಕ್ಕೇ ಹುಡುಗರೆ, ಕೆಲಸಕ್ಕೆ ಮುಂಚೆ ಇಷ್ಟು ಮಾಡಿ.

ಟೆಸ್ಟರನ್ನು ಮೊದಲು ಕರೆಂಟ್ ಇರುವ ಪಾಯಿಂಟಿಗೆ ಹಿಡಿದು, ಉರಿಯುತ್ತದೋ ಇಲ್ಲವೋ ನೋಡಿ. ಆಮೇಲೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಬಂದ್ ಮಾಡಿ. ಹಳೇ ಮನೆ ಇದ್ದರೆ ಫ್ಯೂಜ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಎಂಸಿಬಿ ಇದ್ದರೆ ಅದರ ಮೇಲೆ ಟೇಪ್ ಹಚ್ಚಿ, ‘ಕೆಲಸ ನಡೆದಿದೆ, ಹಚ್ಚಬೇಡಿ’ ಅಂತ ಚೀಟಿ ಅಂಟಿಸಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ಇನ್ವರ್ಟರ್ ಇದ್ದರೆ ಅದನ್ನು ಬೇರೆಯಾಗಿ ಬಂದ್ ಮಾಡಿ. ಮೇನ್ ಬಂದ್ ಆದ ಕೂಡಲೇ ಅದು ತಾನೇ ಕರೆಂಟ್ ಕೊಡಲು ಶುರು ಮಾಡುತ್ತದೆ. ಪಕ್ಕದ ಮನೆಯಿಂದ ಎಳೆದ ವೈರ್ ಇದೆಯಾ ಕೇಳಿ. ಇಷ್ಟಾದ ಮೇಲೂ ಕೈ ಹಾಕುವ ಪ್ರತಿ ವೈರಿಗೂ ಟೆಸ್ಟರ್ ಹಿಡಿಯಿರಿ. ಕೊನೆಗೆ ಕರೆಂಟ್ ಇರುವ ಬೇರೆ ಕಡೆ ಅದೇ ಟೆಸ್ಟರನ್ನು ಮತ್ತೆ ನೋಡಿ, ನಡುವೆ ಅದೇ ಕೆಟ್ಟಿರಬಹುದು.

‘ಲೈಟ್ ಹೋಗ್ಯಾವ, ಈಗ ಮಾಡಿಬಿಡೋಣ’ ಅನ್ನಬೇಡಿ. ಹೋದ ಕರೆಂಟ್ ನಿಮ್ಮನ್ನು ಕೇಳಿ ವಾಪಸ್ ಬರುವುದಿಲ್ಲ. ಕಂಬದಿಂದ ಮೇನ್ ತನಕ ಬರುವ ವೈರ್ ನಮ್ಮ ಮೇನ್ ಬಂದ್ ಮಾಡಿದರೂ ಸಾಯುವುದಿಲ್ಲ. ಅದು ಜೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಿ. ಜಯಂತಿಗೆ ಕೊಂಡಿ ಹಾಕಬೇಡಿ. ಕಬ್ಬಿಣದ ಚೌಕಟ್ಟಿನ ಕಟೌಟ್ ತಂತಿಯ ಹತ್ತಿರ ಎತ್ತಬೇಡಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಸಿನಿಮಾ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ಸತ್ತರು.

ಬಾಬಾಸಾಹೇಬರು 1942ರಿಂದ 1946ರ ತನಕ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಮಿಕರ ಜೊತೆಗೆ ವಿದ್ಯುತ್ತೂ ಅವರ ಇಲಾಖೆಯಲ್ಲೇ ಇತ್ತು. ಈ ದೇಶದ ಕರೆಂಟಿನ ಯೋಜನೆಗೆ ಕೈ ಹಚ್ಚಿದವರ ಮಕ್ಕಳು ನಾವು. ಮೇನ್ ಬೋರ್ಡಿನ ತನಕ ಹೋಗಲು ಯಾಕೆ ಅಂಜಬೇಕು?

ಕೆಲಸಕ್ಕೆ ಕರೆದವರಿಗೆ ಬಾಗಿಲಲ್ಲೇ ಹೇಳಿ: ‘ಮೇನ್ ಎಲ್ಲಿದೆ ತೋರಿಸ್ರಿ. ನಾನೇ ಬಂದ್ ಮಾಡ್ತೀನಿ.’ ಒಳಗೆ ಬಿಡುವುದಿಲ್ಲ ಅಂದರೆ ಚೀಲ ಎತ್ತಿಕೊಂಡು ವಾಪಸ್ ಬನ್ನಿ. ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ.

ನಮ್ಮ ಹುಡುಗ ಈಗ ಹಾಗೇ ಮಾಡುತ್ತಾನೆ. ಹೋದ ತಿಂಗಳು ನಮ್ಮ ಮನೆಗೆ ಬಂದವನು ನನ್ನನ್ನೇನೂ ಕೇಳಲಿಲ್ಲ. ಸೀದಾ ಹೋಗಿ ಮೇನ್ ಇಳಿಸಿ, ಫ್ಯೂಜ್ ಜೇಬಿಗೆ ಹಾಕಿಕೊಂಡ. ಟಿವಿ ಆರಿತು. ನಾನು ಸುಮ್ಮನೆ ಎದ್ದು ಸ್ಟೂಲ್ ಹಿಡಿದು ನಿಂತೆ.

ನಿಮ್ಮ ಕೇರಿಯ ಹುಡುಗರಿಗೆ ಇದನ್ನು ಓದಿ ಹೇಳಿ. ಜೈ ಭೀಮ್.