ಒಲಿದ ಕೆಲಸದ ಬೆಲೆ

ಪಿಯುಸಿ ಫಲಿತಾಂಶ ಬಂದ ವಾರ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಪಂಚಾಯಿತಿ ಸೇರುತ್ತದೆ. ಸೋದರಮಾವ ಬರುತ್ತಾರೆ, ಚಿಕ್ಕಪ್ಪ ಫೋನ್ ಮಾಡುತ್ತಾರೆ, ಪಕ್ಕದ ಮನೆಯವರೂ ತಮ್ಮದೊಂದು ಮಾತು ಸೇರಿಸುತ್ತಾರೆ. ಯಾವ ಕೋರ್ಸು ಓದಿದರೆ ಬೇಗ ಕೆಲಸ ಸಿಕ್ಕೀತು, ಯಾವ ಕೆಲಸವಾದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು, ನಾಳೆ ಗಂಡಿನ ಕಡೆಯವರು ಏನನ್ನು ಒಪ್ಪಿಯಾರು ಎಂದೆಲ್ಲ ಲೆಕ್ಕಾಚಾರ ನಡೆಯುತ್ತದೆ. ಹುಡುಗಿಗೆ ಯಾವುದು ಇಷ್ಟ ಎಂಬ ಪ್ರಶ್ನೆ ಬಂದರೆ ಎಲ್ಲಕ್ಕೂ ಕೊನೆಗೆ, ಕಾಫಿ ಲೋಟ ಕೆಳಗಿಡುವಾಗ. ಅಷ್ಟು ಹೊತ್ತಿಗೆ ಉತ್ತರ ಹೇಳುವ ಧೈರ್ಯ ಅವಳಲ್ಲಿ ಉಳಿದಿರುವುದಿಲ್ಲ.

ಹಿರಿಯರ ಕಾಳಜಿ ಸುಳ್ಳೇನೂ ಅಲ್ಲ. ಇಷ್ಟದ ಬೆನ್ನು ಹತ್ತಿದವರೆಲ್ಲ ದಡ ಸೇರಿದ್ದಾರೆಂದು ಯಾರೂ ಹೇಳಲಾರರು. ಆದರೂ ಬೆಂಗಳೂರಿನಲ್ಲೇ ನಡೆದ ಒಂದು ಹಟದ ಕಥೆಯನ್ನು ಇಂಥ ಹೊತ್ತಿನಲ್ಲಿ ನೆನೆಯುವುದು ಒಳ್ಳೆಯದು.

ಅದು 1933. ಕಮಲಾ ಭಾಗವತ್ ಎಂಬ ಯುವತಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಊರಿನವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅವರ ತಂದೆ ಮತ್ತು ತಂದೆಯ ಸೋದರ ಇಬ್ಬರೂ ಅಲ್ಲೇ ರಸಾಯನ ವಿಜ್ಞಾನ ಕಲಿತವರು. ತಾನೂ ಅಲ್ಲಿಯೇ ಓದಬೇಕೆಂಬುದು ಮಗಳ ಆಸೆ. ಆದರೆ ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆ ಇರಲಿಲ್ಲ. ಆಕೆ ಹೆಣ್ಣು ಎಂಬುದೇ ಕಾರಣ. ನಿರ್ದೇಶಕರ ಕುರ್ಚಿಯಲ್ಲಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್.

ಕಮಲಾ ಸುಮ್ಮನಾಗಲಿಲ್ಲ. ನೇರ ಬೆಂಗಳೂರಿಗೆ ಬಂದು ಕಾರಣ ಕೇಳಿದರು, ಸೀಟು ಸಿಗುವವರೆಗೆ ಸತ್ಯಾಗ್ರಹ ಬಿಡುವುದಿಲ್ಲವೆಂದರು. ಗಾಂಧೀಜಿಯ ದಾರಿ ಆಗ ದೇಶಕ್ಕೆಲ್ಲ ಪರಿಚಿತವಾಗಿದ್ದ ಕಾಲ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಕಾಯಂ ವಿದ್ಯಾರ್ಥಿನಿಯೆಂಬ ಮಾನ್ಯತೆ ಇಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಮೂರನೆಯ ಷರತ್ತು ಚುಚ್ಚದೆ ಇರಲು ಸಾಧ್ಯವೆ? ರಾಮನ್ ದೊಡ್ಡ ವಿಜ್ಞಾನಿ ಎಂಬುದನ್ನು ಒಪ್ಪುತ್ತಲೇ, ಆ ಅವಮಾನವನ್ನು ಮರೆಯಲಾಗಿಲ್ಲವೆಂದು ಅವರು ಇಳಿವಯಸ್ಸಿನಲ್ಲೂ ಹೇಳಿಕೊಂಡಿದ್ದಾರೆ.

ನೋವನ್ನು ಒಳಗಿಟ್ಟುಕೊಂಡು ಅವರು ಕೆಲಸಕ್ಕೆ ಕೂತರು. ಮಾರ್ಗದರ್ಶಕ ಎಂ. ಶ್ರೀನಿವಾಸಯ್ಯ ಬಿಗಿಯ ಮನುಷ್ಯ, ಆದರೆ ಕಲಿಯುವವರನ್ನು ಕೈಬಿಡದ ಗುರು. ಅವರ ಬಳಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಅಧ್ಯಯನ ನಡೆಸಿದರು. ಗುರು-ಶಿಷ್ಯೆಯರ ನಡುವಿನ ವಿಷಯ ಅಡುಗೆಮನೆಯದೇ. ನೋಡುವ ಕಣ್ಣು ಮಾತ್ರ ವಿಜ್ಞಾನದ್ದು. 1936ರಲ್ಲಿ ಎಂ.ಎಸ್ಸಿ. ಪದವಿ ಕೈಗೆ ಬಂತು. ಅವರ ದುಡಿಮೆ ಕಂಡ ಮೇಲೆ ರಾಮನ್ ಮನಸ್ಸು ಬದಲಾಗಿ, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿ ಆಲೂಗೆಡ್ಡೆಯ ಮೇಲೆ ಕೆಲಸ ಮಾಡುತ್ತ, ಪ್ರಾಣಿಗಳಲ್ಲಿರುವಂತೆ ಸಸ್ಯಗಳ ಅಂಗಾಂಶದಲ್ಲೂ ‘ಸೈಟೋಕ್ರೋಮ್ ಸಿ’ ಇದೆಯೆಂದು ಕಂಡುಕೊಂಡರು. ಜೀವಕೋಶದ ಉಸಿರಾಟಕ್ಕೆ ನೆರವಾಗುವ ವಸ್ತು ಅದು. ಆ ಬಗ್ಗೆ ಬರೆದ ಪ್ರಬಂಧ ಬರೀ ನಲವತ್ತು ಪುಟದ್ದು. ಅದಕ್ಕೇ 1939ರಲ್ಲಿ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಅಂಥ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು.

ವಿದೇಶದಲ್ಲೇ ಉಳಿಯಬಹುದಿತ್ತು. ಆದರೆ ಅದೇ ವರ್ಷ ಮರಳಿ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಕೂನೂರಿನ ಪೋಷಣಾ ಸಂಶೋಧನಾಲಯಗಳಲ್ಲಿ ದುಡಿದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿಯಾದರು, ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನ ಕಲಿಸತೊಡಗಿದರು. ಅಲ್ಲಿದ್ದಾಗಲೇ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರ ಸೂಚನೆಯಂತೆ ನೀರಾದ ಅಧ್ಯಯನಕ್ಕೆ ಕೈಹಾಕಿದರು.

ನೀರಾ ನಮ್ಮವರಿಗೆ ಹೊಸದಲ್ಲ. ಬೆಳಕು ಹರಿಯುವ ಮುನ್ನ ಮರದಿಂದ ಇಳಿಸಿ ಕುಡಿದರೆ ನೀರಾ, ಹೊತ್ತೇರಿ ಹುಳಿ ಬಂದರೆ ಹೆಂಡ. ಈ ಸಿಹಿರಸದಲ್ಲಿ ಸಿ ಜೀವಸತ್ವವೂ ಕಬ್ಬಿಣದ ಅಂಶವೂ ಇರುವುದನ್ನು ಕಮಲಾ ಮತ್ತು ಅವರ ವಿದ್ಯಾರ್ಥಿಗಳು ತೋರಿಸಿದರು. ಬುಡಕಟ್ಟು ಜನರಲ್ಲಿ ಅರೆಹೊಟ್ಟೆ ಉಂಡು ಬೆಳೆಯುವ ಮಕ್ಕಳಿಗೂ ಬಸುರಿಯರಿಗೂ ಅದನ್ನು ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಸಂಸ್ಥೆಯ ನಿರ್ದೇಶಕಿಯ ಹುದ್ದೆ ಮಾತ್ರ ಬಹಳ ತಡವಾಗಿ ಬಂತು. 1998ರಲ್ಲಿ ಅವರು ತೀರಿಕೊಂಡರು.

ಈ ಕಥೆ ಕೇಳಿದವರು ‘ಅವರ ಬೆನ್ನಿಗೆ ಓದಿದ ಅಪ್ಪ ಇದ್ದರು’ ಎನ್ನಬಹುದು. ನಿಜ. ಹಟ ಹಿಡಿಯುವುದಕ್ಕೂ ಹಿಂದೆ ಒಂದು ಗೋಡೆ ಬೇಕು. ಹಾಗಾದರೆ ನಂಜನಗೂಡಿನ ತಿರುಮಲಾಂಬ ಅವರನ್ನು ನೋಡಬೇಕು. 1887ರಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲೇ ಮದುವೆ, ಹದಿಹರೆಯಕ್ಕೆ ಕಾಲಿಟ್ಟಾಗಲೇ ವೈಧವ್ಯ. ಕಾಲೇಜು, ಪದವಿಗಳ ಮಾತೇ ಇರಲಿಲ್ಲ. ಇದ್ದದ್ದು ತವರಿನ ಆಸರೆ ಮತ್ತು ಓದುವ ಹಸಿವು. ಅದರಿಂದಲೇ ಕಾದಂಬರಿ ಬರೆದರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ಪ್ರಕಾಶಕಿಯಾದರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ನಡೆಸಿದರು. ಮನೆಯೊಳಗೇ ಉಳಿದುಹೋದ ತನ್ನಂಥ ಹೆಂಗಸರ ಕೈಗೆ ಪುಸ್ತಕ ತಲುಪಬೇಕೆಂಬುದು ಅವರ ಗುರಿ. ಸಂಬಳವಿಲ್ಲದ, ಬಡ್ತಿಯಿಲ್ಲದ ಆ ದುಡಿಮೆಯನ್ನು ಯಾರೂ ‘ಉದ್ಯೋಗ’ ಎನ್ನಲಿಲ್ಲ. 1982ರಲ್ಲಿ ಅವರು ಕಣ್ಣುಮುಚ್ಚುವ ಎಷ್ಟೋ ಮೊದಲೇ ಓದುಗರ ನೆನಪಿನಿಂದ ಮರೆಯಾಗಿದ್ದರು.

ಇಬ್ಬರ ಬಾಳೂ ಒಂದು ಮಾತನ್ನು ಹೇಳುತ್ತದೆ. ಒಲವಿನ ಕೆಲಸವೆಂದರೆ ಸುಖದ ಕೆಲಸವೆಂದು ತಿಳಿದರೆ ತಪ್ಪಾದೀತು. ಒಬ್ಬರು ಅವಮಾನ ನುಂಗಿದರು, ಇನ್ನೊಬ್ಬರು ಮರೆವನ್ನು ಉಂಡರು. ತಾನು ಮಾಡುವುದು ಯಾರಿಗೋ ಬೇಕಾಗಿದೆ ಎಂಬ ಅರಿವು ಜೊತೆಗಿದ್ದುದರಿಂದ ಆ ಭಾರ ಹೊರುವುದು ಸಾಧ್ಯವಾಯಿತು.

ಇನ್ನೊಂದು ಮಾತೂ ಇದೆ. ಬೆಂಗಳೂರಿನ ಆ ಬಾಗಿಲಲ್ಲಿ ನಿಂತಾಗ ಕಮಲಾಗೆ ಸೈಟೋಕ್ರೋಮ್ ಗೊತ್ತಿರಲಿಲ್ಲ, ನೀರಾ ಕುಡಿದು ಚೇತರಿಸಿಕೊಳ್ಳುವ ಮಕ್ಕಳೂ ಕಣ್ಣಮುಂದಿರಲಿಲ್ಲ. ಗೊತ್ತಿದ್ದದ್ದು ರಸಾಯನ ವಿಜ್ಞಾನ ಇಷ್ಟ ಎಂಬುದೊಂದೇ. ಹಾಲು, ಬೇಳೆ, ಆಲೂಗೆಡ್ಡೆ ಎಂದು ಒಂದೊಂದೇ ಹೆಜ್ಜೆ ಇಡುತ್ತ ಹೋದ ಮೇಲೆ ಗುರಿ ಕಾಣಿಸಿತು. ಹದಿನೇಳರ ಹುಡುಗಿ ಬದುಕಿನ ದಾರಿಯನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬೇಕೆಂದು ಬಯಸುವುದು ಅನ್ಯಾಯ. ‘ಇದು ಇಷ್ಟ’ ಎಂದಷ್ಟೇ ಅವಳು ಹೇಳಿದರೂ, ನಾಲ್ಕು ವರ್ಷ ಅದರ ಜೊತೆ ಕಳೆಯಲು ಮನೆಯವರು ಬಿಟ್ಟರೆ ಸಾಕು. ಉಳಿದ ದಾರಿಯನ್ನು ಕೆಲಸವೇ ತೋರಿಸುತ್ತದೆ.