‘ಸ್ಥಿರ’ ಎಂಬ ಮಾತು

ಕುರುಂದವಾಡದ ಕನ್ನಡ ಮನೆಗಳಲ್ಲಿ ಯಾರದಾದರೂ ಜೀವಕ್ಕೆ ಬಂದರೆ ಗಾಡಿ ಹೊರಳುವುದು ಬಹುಮಟ್ಟಿಗೆ ಮಿರಜದ ಕಡೆಗೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಊರು ವೈದ್ಯರ ಊರೆಂದೇ ಹೆಸರಾಗಿದೆ. ಹಾದಿ ಹತ್ತಿರದ್ದು, ಅಲ್ಲಿಯ ಮಾತು ಮಾತ್ರ ಕೆಲವೊಮ್ಮೆ ಬಹಳ ದೂರದ್ದು.

ತೀವ್ರ ನಿಗಾ ಘಟಕದ ಬಾಗಿಲಲ್ಲಿ ತಜ್ಞರು ‘ಪ್ರಕೃತಿ ಸ್ಥಿರ ಆಹೆ’ ಎನ್ನುತ್ತಾರೆ. ಸಂತೆ, ಕಚೇರಿಗಳಲ್ಲಿ ಮರಾಠಿಯಾಡಿ ಬದುಕುವವರಿಗೆ ಆ ಪದಗಳು ಹೊಸವಲ್ಲ. ಅಜ್ಜಿ ಪಾರಾದಳೆಂದು ಊರಿಗೆ ಫೋನು ಹೋಗುತ್ತದೆ. ಆದರೆ ವೈದ್ಯರು ಹೇಳಿದ್ದು, ಯಂತ್ರದ ಉಸಿರು ಮತ್ತು ರಕ್ತದೊತ್ತಡದ ಔಷಧದ ಆಸರೆಯಲ್ಲಿ ನಿನ್ನೆಯ ಸ್ಥಿತಿಯೇ ಇಂದೂ ಇದೆ ಎಂದಷ್ಟೆ. ಮರುದಿನ ಸಾವು ಸಂಭವಿಸಿದರೆ ಮೋಸವಾಯಿತೆಂಬ ಕೂಗು ಏಳುತ್ತದೆ. ಆಸರೆ ನಿನ್ನೆಗಿಂತ ಹೆಚ್ಚಿತೋ ತಗ್ಗಿತೋ ಎಂದು ಒಂದು ಮಾತು ಕೇಳಿದ್ದರೆ ಸಂಗತಿ ತಿಳಿಯುತ್ತಿತ್ತು.

ಇದಕ್ಕಿಂತ ಕಠಿಣವಾದುದು ಮಕ್ಕಳ ಪಾಡು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿತವಳೆಂದು ಒಂಬತ್ತನೆಯ ತರಗತಿಯ ಹುಡುಗಿಯನ್ನು ದುಭಾಷಿಯಾಗಿ ನಿಲ್ಲಿಸುವುದುಂಟು. ಆಸೆ ಉಳಿದಿಲ್ಲವೆಂಬ ಮಾತನ್ನು ಆಕೆ ತನ್ನ ಅಪ್ಪನಿಗೆ ಹೇಗೆ ಹೇಳಿಯಾಳು? ಅರ್ಧ ಹೇಳುತ್ತಾಳೆ, ಅರ್ಧ ನುಂಗುತ್ತಾಳೆ. ಆ ಹೊರೆಯನ್ನು ಆಕೆಯ ತಲೆಗೆ ಕಟ್ಟುವುದು ಅನ್ಯಾಯ. ಬೆಳಗಾವಿ, ವಿಜಾಪುರದ ಕಡೆಯ ರೋಗಿಗಳೂ ಬರುವ ಮಿರಜದಲ್ಲಿ ಕನ್ನಡ ಬಲ್ಲ ನರ್ಸೋ ಸಿಬ್ಬಂದಿಯೋ ವಿಚಾರಿಸಿದರೆ ಸಿಗುವುದು ಕಷ್ಟವಲ್ಲ.

ವಿಚಾರಿಸುವುದು ಉಪಕಾರ ಬೇಡಿದಂತಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ವೈದ್ಯರು ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು. ಬಂಧುಗಳಿಗೆ ಅಗತ್ಯವಾದಷ್ಟು ತಿಳಿವಳಿಕೆ ದೊರೆತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ರೋಗಿ ಅಥವಾ ಅಧಿಕೃತ ಬಂಧು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಆ ಕಾಗದಗಳೇ ಆಧಾರ.

ಸಹಿಯ ವಿಷಯದಲ್ಲಿ ಮನೆಯವರು ತಮಗಿಲ್ಲದ ಅಧಿಕಾರವನ್ನೂ ಇದೆಯೆಂದು ಭಾವಿಸುತ್ತಾರೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ಗರ್ಭಕೋಶ ತೆಗೆಯಲು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆಯಲಾಗಿತ್ತು. ಮಗಳು ವಯಸ್ಕಳು, ಪ್ರಾಣ ಉಳಿಸುವ ತುರ್ತೂ ಇರಲಿಲ್ಲ. ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟು 2008ರ ಜನವರಿ 16ರಂದು ತೀರ್ಪಿತ್ತಿತು. ಅಜ್ಜಿಗೆ ಎಚ್ಚರವಿದ್ದು, ಬುದ್ಧಿ ಸ್ವಾಧೀನದಲ್ಲಿದ್ದರೆ, ಕಾಗದದಲ್ಲಿ ಏನಿದೆಯೆಂದು ಮೊದಲು ಕನ್ನಡದಲ್ಲಿ ಕೇಳಿಸಿಕೊಳ್ಳಬೇಕಾದವಳು ಆಕೆಯೇ.