ಏಳನೆಯ ಪ್ರಶ್ನೆ

ಕಳೆದ ತಿಂಗಳು ರಿಪ್ಪನ್‌ಪೇಟೆ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಬೈಬಲ್ ಕಾಲೇಜಿಗೆ ಸೇರಬೇಕಂತೆ. ಅರ್ಜಿಯ ಜೊತೆ, ಅವನನ್ನು ಬಲ್ಲ ಸಭಾಪಾಲಕರು ತುಂಬಿಕೊಡಬೇಕಾದ ಒಂದು ಹಾಳೆ ಇತ್ತು. ಹೆಸರು, ವಯಸ್ಸು, ನಡತೆ, ಆರೋಗ್ಯ ಎಲ್ಲ ಸಲೀಸಾಗಿ ಬರೆದೆ. ಏಳನೆಯ ಪ್ರಶ್ನೆಗೆ ಪೆನ್ನು ನಿಂತಿತು. ‘ಅಭ್ಯರ್ಥಿಗೆ ದೇವರ ಕರೆ ಇದೆಯೆಂದು ನಿಮಗೆ ಅನಿಸುತ್ತದೆಯೇ?’

“ನಾಳಿದ್ದು ಬಾ ಮಾರಾಯ, ಬರೆದಿಟ್ಟಿರ್ತೀನಿ” ಎಂದು ಕಳಿಸಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿ ಓಡಾಡಿದವನು ನಾನು. ಆದರೂ ಆ ರಾತ್ರಿ, ನನಗೇ ಕರೆ ಬಂದಿತ್ತೇ ಎಂದು ಯೋಚಿಸುತ್ತಾ ಕೂತೆ.

ನನ್ನಪ್ಪ ಹೆಂಚಿನ ಕೆಲಸದವನು. ಉಡುಪಿ ಕಡೆಯಿಂದ ಘಟ್ಟ ಹತ್ತಿ ಬಂದು ಹೊಸನಗರದಲ್ಲಿ ನೆಲೆಯಾದ. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ. ಮಳೆಗಾಲಕ್ಕೆ ಮುಂಚೆ ಊರಿನ ಗೌಡರ, ಭಟ್ಟರ ಮನೆಗಳ ಮಾಡು ಹತ್ತಿ ಹೆಂಚು ಇಳಿಸಿ, ತೊಳೆದು, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುತ್ತಿದ್ದ. ನಾನು ಕೆಳಗೆ ನಿಂತು ಹೆಂಚು ಹಿಡಿಯುತ್ತಿದ್ದೆ. ಹಳೆಯ ಹೆಂಚುಗಳ ಬೆನ್ನ ಮೇಲೆ ಬಾಸೆಲ್ ಮಿಶನ್ನಿನ ಅಚ್ಚಿರುತ್ತಿತ್ತು. ಮಂಗಳೂರಿನಲ್ಲಿ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಅಕ್ಷರ ಕೂಡಿಸಿ ಓದುತ್ತಾ ನಾನು ಇಂಗ್ಲಿಷ್ ಕಲಿತೆ ಎಂದು ಅಪ್ಪ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ.

ಪದವಿ ಮುಗಿದ ಮೇಲೆ, 1984ರ ಜೂನಿನಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಹೊರಟೆ. ನಿಜ ಹೇಳಬೇಕೆಂದರೆ ಯಾವ ಕನಸೂ ಬಿದ್ದಿರಲಿಲ್ಲ, ಯಾವ ದನಿಯೂ ಕೇಳಿಸಿರಲಿಲ್ಲ. ನಮ್ಮ ಸಭೆಯ ಹಿರಿಯ ಪಾದ್ರಿಯೊಬ್ಬರು “ನೀನು ಹೋಗಬಹುದಲ್ಲ” ಎಂದಿದ್ದರು, ಅಷ್ಟೇ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಆಗುಂಬೆ ಘಾಟಿ ಇಳಿಯುವಾಗ ಮಂಜಿನಲ್ಲಿ ಮುಂದಿನ ತಿರುವೂ ಕಾಣುತ್ತಿರಲಿಲ್ಲ. ಟ್ರಂಕಿನ ಮೇಲೆ ಕೂತು ಹೊಟ್ಟೆ ತೊಳಸುವುದನ್ನು ತಡೆದುಕೊಂಡದ್ದಷ್ಟೇ ನೆನಪು.

ಆ ಗುಡ್ಡದ ಮೇಲೆ ಕನ್ನಡ ತುಂಬಿಕೊಂಡಿತ್ತು. 1836ರಲ್ಲಿ ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್ ಇಲ್ಲೇ ಹುಡುಗರಿಗೆ ಪಾಠ ಹೇಳುತ್ತಾ, 1843ರಲ್ಲಿ ‘ಮಂಗಳೂರು ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ತಂದ. 1853ರಲ್ಲಿ ಬಂದ ಕಿಟೆಲ್ ನಾಲ್ಕು ದಶಕ ದಾಟಿದ ಮೇಲೆ, 1894ರಲ್ಲಿ, ನಿಘಂಟು ಕೊಟ್ಟ. ಕಾಲೇಜಿನ ಪತ್ರಾಗಾರದಲ್ಲಿ ತಾಳೆಗರಿಗಳೂ ಇದ್ದವು. ದೇವರ ವಿಷಯ ಮಾತಾಡಲು ಬಂದವರು ಮೊದಲು ಕೂತು ಇಲ್ಲಿನ ಜನ ಏನು ಮಾತಾಡುತ್ತಾರೆ ಎಂದು ಬರೆದುಕೊಂಡಿದ್ದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಎರಡನೆಯ ವರ್ಷ ಕಾಲ ಕೆಳಗಿನ ನೆಲ ಅಲುಗಿತು. ಆದಿಕಾಂಡದಲ್ಲಿ ಸೃಷ್ಟಿಯ ಕಥೆ ಒಂದಲ್ಲ, ಎರಡು ಇವೆ ಎಂದರು. ಮಾರ್ಕನ ಸುವಾರ್ತೆ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ, ಬರಿದಾದ ಸಮಾಧಿಯಿಂದ ಹೆಂಗಸರು ಹೆದರಿ ಓಡಿಹೋಗುವಲ್ಲಿಗೇ ನಿಂತುಬಿಡುತ್ತದೆ ಎಂದರು. ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಸಾಲುಗಳು ಅಲ್ಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಪುಸ್ತಕವನ್ನು ಯಾರೋ ಬಿಚ್ಚಿ ಹರಡಿದಂತಾಯಿತು. ಊಟ ಸೇರಲಿಲ್ಲ. ‘ನಾನು ವಾಪಸ್ ಬರ್ತೀನಿ’ ಎಂದು ಅಪ್ಪನಿಗೆ ಕಾಗದ ಹಾಕಿದೆ.

ಅಪ್ಪ ಉತ್ತರ ಬರೆಯಲಿಲ್ಲ, ತಾನೇ ಬಂದ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದ. ಅರ್ಧ ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: “ಹೆಂಚು ಇಳಿಸಿದಾಗ ಪಕಾಸಿ, ರೀಪು ಕಾಣ್ತದೆ. ಅದನ್ನ ನೋಡಿ ಮನೆ ಬಿತ್ತು ಅಂತ ಯಾರಾದ್ರೂ ಅಳ್ತಾರಾ ಮಗಾ? ಗೆದ್ದಲು ಹಿಡಿದಿದ್ಯಾ ನೋಡೋದು, ಮತ್ತೆ ಹೊದಿಸೋದು.” ಸಂಜೆಯ ಬಸ್ಸಿಗೆ ಹೊರಟುಹೋದ. ನಾನು ಉಳಿದೆ. ಸಂಶಯ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅದನ್ನು ಇಟ್ಟುಕೊಂಡೇ ಕೆಲಸ ಮಾಡಬಹುದು ಎಂದು ತಿಳಿಯಿತು.

ನಮ್ಮ ಮೇಷ್ಟ್ರೊಬ್ಬರು ಒಂದು ವಿಚಿತ್ರ ಕೆಲಸ ಕೊಟ್ಟರು. ಮಲೆನಾಡಿನವನಾದ ನಾನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿ ಬರಬೇಕು! ದೇವಶಾಸ್ತ್ರಕ್ಕೂ ಕಾದಂಬರಿಗೂ ಏನು ಸಂಬಂಧ ಎಂದು ಗೊಣಗುತ್ತಲೇ ಓದಿದೆ. ನಮ್ಮದೇ ತೀರ್ಥಹಳ್ಳಿ ಸೀಮೆಯ ಕಾಡು, ಹತ್ತೊಂಬತ್ತನೆಯ ಶತಮಾನದ ಕೊನೆ, ಅಲ್ಲೊಬ್ಬ ಮಿಶನ್ನಿನ ಪಾದ್ರಿ, ಗೌಡರ ಮನೆಯವರನ್ನು ಕ್ರೈಸ್ತರನ್ನಾಗಿ ಮಾಡುವ ಅವನ ಹವಣಿಕೆ. ಓದಿ ಮುಗಿಸಿದಾಗ ಮುಖ ಕೆಂಪಾಗಿತ್ತು. “ಅವನು ನಾನಲ್ಲ” ಎಂದೆ. ಮೇಷ್ಟ್ರು, “ಇರಲಿ, ಆದರೆ ನೀನು ಬಾಗಿಲಲ್ಲಿ ನಿಂತಾಗ ಅವರಿಗೆ ಮೊದಲು ಕಾಣೋದು ಅವನೇ. ತಿಳಿದುಕೊಂಡು ಹೋಗು” ಎಂದರು.

ಆ ಮಾತು ಸುಳ್ಳಾಗಲಿಲ್ಲ. ಮುಂದೆ ಎಷ್ಟೋ ಊರಿನ ಚಾ ಅಂಗಡಿಗಳಲ್ಲಿ ನಾನು ಒಳಗೆ ಬಂದೊಡನೆ ಮಾತು ನಿಂತಿದೆ. “ಎಷ್ಟು ಜನರನ್ನ ಸೇರಿಸಿದ್ರಿ ಅಯ್ಯನೋರೆ?” ಎಂದು ನಗುತ್ತಲೇ ಚುಚ್ಚಿದವರಿದ್ದಾರೆ. ಸಿಟ್ಟು ಮಾಡಿಕೊಳ್ಳದಂತೆ ಕಾಪಾಡಿದ್ದು ಆ ಕಾದಂಬರಿ. ಅವರ ಭಯಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ ಎಂದು ಗೊತ್ತಿತ್ತು.

ಇನ್ನೊಂದು ಪಾಠ ಆಸ್ಪತ್ರೆಯದು. ರೋಗಿಯ ಪಕ್ಕ ಕೂತು ಮಾತಾಡಿ, ಬಂದು ಇಬ್ಬರೂ ಆಡಿದ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆಯಬೇಕಿತ್ತು. ನನ್ನ ಮೊದಲ ವರದಿಯಲ್ಲಿ ರೋಗಿಯ ಮಾತು ನಾಲ್ಕು ಸಾಲು, ನನ್ನದು ಎರಡು ಪುಟ. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: ಈ ಮಾತು ಯಾರಿಗೆ ಬೇಕಿತ್ತು, ಅವರಿಗೋ ನಿನಗೋ?

ಇಷ್ಟಾದರೂ ಮೊದಲ ವರ್ಷದ ಸೇವೆಯಲ್ಲೇ ಅದನ್ನು ಮರೆತೆ. ಲಿಂಗನಮಕ್ಕಿ ಹಿನ್ನೀರಿನ ಆಚೆ, ತುಮರಿ ಕಡೆಯ ತೋಟವೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಸಭೆಯ ಕುಟುಂಬ. ಆ ತಾಯಿಯ ಅಪ್ಪ ಅಮ್ಮ ಅಣೆಕಟ್ಟೆಯ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಹತ್ತು ವರ್ಷದ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಹೊಳೆಬಾಗಿಲಿನಲ್ಲಿ ಲಾಂಚು ದಾಟಿ ಹೋದ ನಾನು ಪುನರುತ್ಥಾನದ ಬಗ್ಗೆ ಮುಕ್ಕಾಲು ಗಂಟೆ ಬೋಧಿಸಿದೆ. ಒಂದೂ ತಪ್ಪಿಲ್ಲದ ಪ್ರಸಂಗ. ನಡುವೆ ಆ ತಾಯಿ ಎದ್ದು ಅಡುಗೆಮನೆಗೆ ಹೋದಳು. ಮುಗಿದ ಮೇಲೆ ಬಂದು, “ಊಟ ಮಾಡ್ಕೊಂಡು ಹೋಗಿ ಅಯ್ಯಾ, ಲಾಂಚಿಗೆ ಹೊತ್ತಾಗ್ತದೆ” ಎಂದಳು. ಅವಳ ಮಗನ ಹೆಸರನ್ನು ನಾನು ಒಂದು ಸಲವೂ ಎತ್ತಿರಲಿಲ್ಲ ಎಂದು ಗೊತ್ತಾದದ್ದು ಲಾಂಚಿನಲ್ಲಿ, ನೀರಿನ ಮಧ್ಯೆ.

ಮುಂದಿನ ಭಾನುವಾರ ಮತ್ತೆ ಹೋದೆ. ಬೈಬಲ್ ಚೀಲದಿಂದ ತೆಗೆಯಲಿಲ್ಲ. “ಹುಡುಗನ ವಿಷಯ ಹೇಳಮ್ಮ” ಎಂದೆ. ಮೊದಲು ಸುಮ್ಮನಿದ್ದಳು. ಆಮೇಲೆ ಅವನ ಗೋಲಿಗಳ ಡಬ್ಬಿ ತಂದಿಟ್ಟಳು. ಕೊನೆಯ ಲಾಂಚು ತಪ್ಪಿತು. ಆ ರಾತ್ರಿ ಜಗಲಿಯಲ್ಲಿ ಮಲಗಿದೆ. ನಾನು ಪಾದ್ರಿಯಾದದ್ದು ಆ ರಾತ್ರಿ ಎಂದು ಈಗಲೂ ನಂಬಿದ್ದೇನೆ. ಆದರೆ ಬಲ್ಮಠದ ಆ ಕೆಂಪು ಶಾಯಿ ಇಲ್ಲದಿದ್ದರೆ ನನ್ನ ತಪ್ಪು ನನಗೆ ಕಾಣುತ್ತಲೇ ಇರಲಿಲ್ಲ. ಈಗ ಅಲ್ಲಿ ಸೇತುವೆಯಾಗಿದೆ. 2025ರ ಜುಲೈಯಿಂದ ವಾಹನಗಳು ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತವೆ. ಲಾಂಚು ತಪ್ಪುವ ಭಯ ಈಗ ಯಾರಿಗೂ ಇಲ್ಲ.

ಬಾಲಕ ಸಮುವೇಲನ ಕಥೆ ನಮ್ಮ ಸಂಡೇಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು. ರಾತ್ರಿ ದೇವರು ಕರೆದರೆ ಹುಡುಗ ಅದು ಮುದುಕ ಏಲಿಯ ದನಿ ಎಂದುಕೊಂಡು ಮೂರು ಸಲ ಅವನ ಹತ್ತಿರ ಓಡುತ್ತಾನೆ. ನಾನು ಇದನ್ನು ಹುಡುಗನ ತಪ್ಪು ಎಂದೇ ಬೋಧಿಸುತ್ತಿದ್ದೆ. ಈಗ ಹಾಗನಿಸುವುದಿಲ್ಲ. ನನಗಂತೂ ಕರೆ ಬಂದದ್ದೆಲ್ಲ ಮನುಷ್ಯರ ದನಿಯಲ್ಲೇ: ಹಿರಿಯ ಪಾದ್ರಿ, ಮೆಟ್ಟಿಲ ಮೇಲೆ ಕೂತ ಅಪ್ಪ, ಗೋಲಿಯ ಡಬ್ಬಿ ತಂದಿಟ್ಟ ತಾಯಿ. ಕಾಲೇಜು ಕರೆ ಕೊಡಲಿಲ್ಲ. ಕರೆದಾಗ ಎದ್ದು ಹೋಗುವುದನ್ನು, ಹೋದಲ್ಲಿ ಬಾಯಿ ಮುಚ್ಚಿ ಕೂರುವುದನ್ನು ಕಲಿಸಿತು.

ಹುಡುಗ ಹೇಳಿದ ದಿನ ಬಂದ. ಹಾಳೆ ಕೊಡುವ ಮೊದಲು, ಮೊಬೈಲ್ ಅಂಗಡಿಯ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ. ಅಂಗಡಿಗೆ ಅಜ್ಜಿಯೊಬ್ಬರು ಆಗಾಗ ಬರುತ್ತಿದ್ದರಂತೆ, ಕೆಟ್ಟಿಲ್ಲದ ಫೋನನ್ನು ಕೆಟ್ಟಿದೆ ಎಂದು ಹಿಡಿದುಕೊಂಡು. ಬೆಂಗಳೂರಿನ ಮಗ ಫೋನ್ ಮಾಡುತ್ತಿಲ್ಲ ಎಂಬುದೇ ಆಕೆಗೆ ಕಂಡ ತೊಂದರೆ. “ಅವರ ಜೊತೆ ಮಾತಾಡ್ತಾ ಕೂತ್ರೆ ಓನರ್ ಬೈತಿದ್ರು ಸರ್” ಎಂದ.

ಏಳನೆಯ ಪ್ರಶ್ನೆಯ ಎದುರು ‘ಹೌದು’ ಎಂದು ಬರೆದು, ಸಹಿ ಹಾಕಿ ಕೊಟ್ಟೆ.